ಕ್ವಾರಿ ಬದಿಯ ಮನೆಗೆ ಬಂದ ಬೆಲೆ

ಮಾರ್ಚ್ 3, ಸೋಮವಾರ

ನಮ್ಮ ಸಹಕಾರಿ ಬ್ಯಾಂಕಿನ ಮುನ್ನೋಟ ಈ ವರ್ಷವೂ ನನ್ನ ತಲೆಗೇ ಬಂತು. ಜಿಲ್ಲೆಯಲ್ಲಿ ಮನೆಗಳ ಬೆಲೆ ಎತ್ತ ಹೋಗುತ್ತಿದೆ, ಜನರಿಗೆ ಕೆಲಸ ಹೆಚ್ಚುತ್ತದೆಯೇ ಕಡಿಮೆಯಾಗುತ್ತದೆಯೇ, ಯಾವ ಬದಿಯ ಮನೆಗೆ ಎಷ್ಟು ಸಾಲ ಕೊಟ್ಟರೆ ಕ್ಷೇಮ ಎಂಬುದನ್ನೆಲ್ಲ ಐದಾರು ಪುಟದಲ್ಲಿ ಬರೆದು ಏಪ್ರಿಲ್ ಮೊದಲ ವಾರ ಕೊಡಬೇಕು. ಮೇ ತಿಂಗಳ ಸದಸ್ಯರ ಸಭೆಯಲ್ಲಿ ನಾನೇ ನಿಂತು ಓದಬೇಕು. ಬೇರೆ ಯಾರಿಗಾದರೂ ಹೇಳಿ ಎಂದೆ. "ನಿಮ್ಮಷ್ಟು ಮನೆ ಒಳಗೆ ಹೊಕ್ಕು ನೋಡಿರೋರು ಈ ಜಿಲ್ಲೇಲಿ ಯಾರಿದ್ದಾರೆ ಮೇಡಂ, ಕಳ್ಳರನ್ನ ಬಿಟ್ಟರೆ?" ಅಂದರು ಮ್ಯಾನೇಜರು. ಇಪ್ಪತ್ತಾರು ವರ್ಷದಿಂದ ಬ್ಯಾಂಕಿಗಾಗಿ ಮನೆಗಳಿಗೆ ಬೆಲೆ ಕಟ್ಟುತ್ತಿದ್ದೇನೆ. ಬೀರು ಸರಿಸಿ ಹಿಂದಿನ ಗೋಡೆ ಮೂಸಿ ನೋಡಿದರೆ ಸಾಕು, ಮನೆಯವರು ಹೇಳದ ಅರ್ಧ ಕಥೆ ಗೊತ್ತಾಗುತ್ತದೆ.

ಸಂಜೆ ತಂಗಿಯ ಫೋನು.

"ಅಕ್ಕಾ, ಕೂತಿದ್ದೀಯಾ ನಿಂತಿದ್ದೀಯಾ?"

"ನಿಂತಿದ್ದೀನಿ. ಯಾಕೆ?"

"ಕೂತ್ಕೋ ಮೊದಲು."

ಅವಳ ಮನೆಯನ್ನು ಹಲ್ಲಿನ ಡಾಕ್ಟರೊಬ್ಬರು ಕೇಳಿದ್ದಾರಂತೆ. ಕೊಂಡದ್ದರ ಮೂರು ಪಟ್ಟು. "ನೀನು ಬೇಡ ಬೇಡ ಅಂತ ಬಡ್ಕೊಂಡಿದ್ಯಲ್ಲ, ಅದೇ ಮನೆ ಅಕ್ಕಾ!" ಎಂದು ನಕ್ಕಳು. ಇನ್ನೂ ಏನೋ ಹೇಳುತ್ತಿದ್ದಳು. ಹಿಂದೆ ಅವಳ ಗಂಡ ಕೆಮ್ಮುತ್ತಲೇ ಇದ್ದುದರಿಂದ ಸರಿಯಾಗಿ ಕೇಳಿಸಲಿಲ್ಲ. ಮಾರಿ ಎಲ್ಲಿಗೆ ಹೋಗುತ್ತೀರಿ ಎಂದು ಕೇಳಬೇಕಿತ್ತು, ಕೇಳಲಿಲ್ಲ. ಎಲ್ಲಿಗಾದರೇನು, ಇದಕ್ಕಿಂತ ದೊಡ್ಡದಕ್ಕೇ ಹೋಗುತ್ತಾಳೆ.

ಎಂಟು ವರ್ಷದ ಹಿಂದೆ ಆ ಮನೆ ನೋಡಿ ಬಂದು ಬೇಡ ಎಂದವಳು ನಾನೇ. ಕಲ್ಲು ಕ್ವಾರಿ ಮುಚ್ಚುವುದರಲ್ಲಿತ್ತು. ಕ್ವಾರಿ ಬದಿಯಲ್ಲಿ ಮಾರುವವರಿದ್ದರು, ಕೊಳ್ಳುವವರಿರಲಿಲ್ಲ. ಅಂದಿನ ಅಂಕಿಅಂಶದ ಪ್ರಕಾರ ನಾನು ಹೇಳಿದ್ದೇ ಸರಿ. ಅಲ್ಲಿ ಆಸ್ಪತ್ರೆ ಬರುತ್ತದೆಂದು ಯಾರಿಗೆ ಗೊತ್ತಿತ್ತು? ಅವಳಿಗಂತೂ ಗೊತ್ತಿರಲಿಲ್ಲ. ಅವಳ ಕೈಲಿದ್ದ ದುಡ್ಡಿಗೆ ಬೇರೆ ಮನೆ ಸಿಗುತ್ತಿರಲಿಲ್ಲ, ಅದಕ್ಕೆ ಕೊಂಡಳು. ಶಾಲೆಯಲ್ಲೂ ಹೀಗೇ. ನಾನು ಓದಿ ಪಾಸಾದೆ, ಅವಳು ಪ್ರಶ್ನೆಪತ್ರಿಕೆ ನೋಡಿ ನಕ್ಕು ಪಾಸಾದಳು.

ಮಾರ್ಚ್ 9, ಭಾನುವಾರ

ತಂಗಿಯ ಮನೆಗೆ ಹೋಗಿದ್ದೆ. ಬೆಲೆ ಕಟ್ಟಲು ಅಲ್ಲ. ಹತ್ತಿರದ ಸಂಬಂಧಿಕರ ಮನೆಗೆ ಬೆಲೆ ಕಟ್ಟಬಾರದೆಂದು ನಿಯಮವಿದೆ, ಇದುವರೆಗೆ ಮುರಿದಿಲ್ಲ. ಆದರೆ ಕಣ್ಣು ತನ್ನ ಪಾಡಿಗೆ ತಾನು ಕೆಲಸ ಮಾಡುತ್ತದೆ. ಅಡುಗೆಮನೆಯ ಬಾಗಿಲು ನೆಲಕ್ಕೆ ತಾಗುತ್ತದೆ. ತಾರಸಿಯ ಮೂಲೆಯಲ್ಲಿ ಬಿರುಕು. ಹಾಲಿನ ಕಿಟಕಿ ಮಾತ್ರ ಅಗಲ, ನನ್ನ ಮನೆಯದಕ್ಕಿಂತ ಅಗಲ.

ಆಸ್ಪತ್ರೆಯ ಮೊದಲ ಕಟ್ಟಡ ಜನವರಿಯಲ್ಲೇ ತೆರೆದಿದೆ. ಉಳಿದ ಮೂರರ ಕೆಲಸ ಇನ್ನೂ ಎರಡು ವರ್ಷ ನಡೆಯುತ್ತದಂತೆ. ಲಾರಿಗಳು ಅವಳ ಮನೆಯ ಮುಂದೆಯೇ ಓಡಾಡುತ್ತವೆ. ಆ ಅಗಲದ ಕಿಟಕಿಯನ್ನು ಮುಚ್ಚಿ, ಸಂದಿಗೆ ಒದ್ದೆ ಬಟ್ಟೆ ತುರುಕಿದ್ದಳು.

"ನೋಡಕ್ಕಾ, ಒಣಹಾಕಿದ ಬಟ್ಟೆ ಹೆಂಗಾಗಿದೆ. ಶಾಲೆ ಯೂನಿಫಾರಂ ಹೊಲಿದು ಕೊಟ್ರೆ, ಬಿಳಿ ಅಂದ್ರೆ ಬೂದು ಕೊಟ್ಟಿದ್ದೀರಲ್ಲ ಅಂತಾರೆ" ಎಂದಳು. ಆಸ್ಪತ್ರೆ ತನ್ನ ಬಾಗಿಲಿಗೆ ಎಷ್ಟು ಹತ್ತಿರ ಎಂದು ಹೀಗೂ ಜಂಬ ಕೊಚ್ಚಿಕೊಳ್ಳಬಹುದು.

ಅವಳ ಗಂಡನನ್ನು ಕ್ವಾರಿಯವರು ದೊರೆ ಎಂದು ಕರೆಯುತ್ತಿದ್ದರು. ಕಲ್ಲು ಅಗೆಯುವ ಯಂತ್ರದ ಮೇಲೆ, ಎಲ್ಲರಿಗಿಂತ ಎತ್ತರದಲ್ಲಿ ಕೂರುತ್ತಿದ್ದರಲ್ಲ, ಅದಕ್ಕೆ. ಇವತ್ತು ದೊರೆ ಒಳಕೋಣೆಯಿಂದ ಹೊರಗೇ ಬರಲಿಲ್ಲ. "ಬನ್ನಿ ಅಕ್ಕಾ" ಎಂದು ಅಲ್ಲಿಂದಲೇ ಹೇಳಿ ಕೆಮ್ಮಿದರು. ಮೂರು ಪಟ್ಟು ಬೆಲೆಯ ಮನೆಯ ಯಜಮಾನರು, ಎದ್ದು ಯಾಕೆ ಬರಬೇಕು?

ಮಾರ್ಚ್ 14, ಶುಕ್ರವಾರ

ನಮ್ಮ ಪೇಟೆ ಬದಿಯ ಲೆಕ್ಕ ತೆಗೆದೆ. ನಮ್ಮ ಮನೆಗೆ ಕೊಂಡಾಗಿನ ಬೆಲೆಯೇ ಇವತ್ತೂ ಇದೆ. ಒಂಬತ್ತು ವರ್ಷದ ಹಿಂದೆ ನನ್ನ ಅನುಭವವನ್ನೆಲ್ಲ ಬಳಸಿ ಆರಿಸಿದ ಮನೆ.

ಊಟಕ್ಕೆ ಕೂತಾಗ ಇವರು, "ನಿನ್ನ ತಂಗಿಗೆ ಒಂದು ಪಾರ್ಟಿ ಕೇಳ್ಬೇಕು ಕಣೇ" ಎಂದರು. ಉಪ್ಪು ಜಾಸ್ತಿಯಾಗಿದೆ ಎಂದೂ ಹೇಳಿದರು. ತಟ್ಟೆಗೆ ಇನ್ನೊಂದು ಸೌಟು ಬಡಿಸಿದೆ.

ಮಾರ್ಚ್ 22, ಶನಿವಾರ

ಕಳೆದ ಒಂದು ವರ್ಷದಲ್ಲಿ ಕ್ವಾರಿ ಬದಿಯಲ್ಲಿ ಮಾರಾಟವಾದ ಮನೆಗಳು ಆರು. ಹಳ್ಳಿಗಾಡಿನ ಜಿಲ್ಲೆಯಲ್ಲಿ ಇದೇ ದೊಡ್ಡ ತೊಂದರೆ. ನಗರದಲ್ಲಾದರೆ ನೂರಾರು ಮಾರಾಟ ಇರುತ್ತದೆ, ಒಂದೆರಡು ಹೆಚ್ಚುಕಡಿಮೆಯಾದರೂ ಸರಾಸರಿ ಅಲುಗಾಡುವುದಿಲ್ಲ. ಇಲ್ಲಿ ಒಂದು ಮನೆ ಸೇರಿಸಿದರೆ ಬೆಲೆ ಏರಿತು, ತೆಗೆದರೆ ಇಳಿಯಿತು.

ಆದ್ದರಿಂದ ವಿಶೇಷ ಕಾರಣಕ್ಕೆ ಆದ ಮಾರಾಟಗಳನ್ನು ಬಿಟ್ಟು ಲೆಕ್ಕ ಹಾಕುವುದು ನಮ್ಮ ಪದ್ಧತಿ. ಅಣ್ಣ ತಮ್ಮನಿಗೆ ದಾಕ್ಷಿಣ್ಯಕ್ಕೆ ಮಾರಿದ್ದು, ಪಕ್ಕದ ಮನೆಯವರು ತಮ್ಮದಕ್ಕೆ ಸೇರಿಸಿಕೊಳ್ಳಲು ಹೇಳಿದಷ್ಟು ಕೊಟ್ಟು ಕೊಂಡದ್ದು, ಇಂಥವು. ಕ್ವಾರಿ ಬದಿಯ ಆರರಲ್ಲಿ ಎರಡಕ್ಕೆ ಬಹಳ ಬೆಲೆ ಬಂದಿದೆ. ಒಂದನ್ನು ಕೊಂಡವರು ಆಸ್ಪತ್ರೆಯ ಔಷಧಿ ವಿಭಾಗದವರು. ಇನ್ನೊಂದನ್ನು ಇಬ್ಬರು ನರ್ಸುಗಳು ಸೇರಿ ಕೊಂಡಿದ್ದಾರೆ. ಕೆಲಸದ ಜಾಗಕ್ಕೆ ಹತ್ತಿರ ಎಂಬುದು ಅವರಿಗೆ ವಿಶೇಷ ಕಾರಣವೇ. ಎರಡನ್ನೂ ಬಿಟ್ಟೆ.

ಉಳಿದ ನಾಲ್ಕರ ಪ್ರಕಾರ ಕ್ವಾರಿ ಬದಿಯಲ್ಲಿ ಬೆಲೆ ಏರಿಲ್ಲ. ಈಗ ಕೇಳಿಬರುತ್ತಿರುವ ಬೆಲೆಗಳು ಬಾಯಿಮಾತಿನವು. ಕಟ್ಟಡದ ಕೆಲಸ ಮುಗಿದ ಮೇಲೆ ಇಳಿಯಬಹುದು. ಪೇಟೆ ಬದಿ ಏರಿಲ್ಲ ನಿಜ, ಆದರೆ ಸ್ಥಿರವಾಗಿದೆ. "ಸ್ಥಿರ" ಒಳ್ಳೆಯ ಪದ. ಮೂರು ಕಡೆ ಬಳಸಿದ್ದೇನೆ.

ಏಪ್ರಿಲ್ 2, ಬುಧವಾರ

ಮುನ್ನೋಟ ಕೊಟ್ಟು ಬಂದೆ. ತಂಗಿಯ ಮನೆಯ ಪ್ರಸ್ತಾಪ ಅದರಲ್ಲಿ ಎಲ್ಲೂ ಇಲ್ಲ. ನಿಯಮ ಮುರಿದಿಲ್ಲ.

ಏಪ್ರಿಲ್ 11, ಶುಕ್ರವಾರ

ಮ್ಯಾನೇಜರು ಸಭೆಯವರೆಗೆ ಕಾಯಲಿಲ್ಲ. ಮುನ್ನೋಟ ಓದಿದವರೇ ಹೊಸ ಸುತ್ತೋಲೆ ಹೊರಡಿಸಿದ್ದಾರೆ. ಪೇಟೆ ಬದಿಯ ಮನೆಗೆ ಹಿಂದಿನಂತೆ ಬೆಲೆಯ ಶೇಕಡಾ ಎಂಬತ್ತು ಸಾಲ, ಕ್ವಾರಿ ಬದಿಗೆ ಅರವತ್ತು. ಅದೂ ನಾಲ್ಕು ಮನೆಗಳ ಸರಾಸರಿ ಬೆಲೆಯ ಮೇಲೆ.

ಸಂಜೆ ತಂಗಿ ಫೋನು ಮಾಡಿದಳು. ಕೂತ್ಕೋ ಎನ್ನಲಿಲ್ಲ.

"ಅಕ್ಕಾ, ಹಲ್ಲಿನ ಡಾಕ್ಟರಿಗೆ ಸಾಲ ಸಾಕಾಗಲ್ವಂತೆ. ನಿಮ್ಮ ಬ್ಯಾಂಕಲ್ಲಿ ಏನೋ ಹೊಸ ಲೆಕ್ಕ ಬಂದಿದೆಯಂತೆ. ನಿಂಗೇನಾದ್ರೂ ಗೊತ್ತಾ?"

"ಬ್ಯಾಂಕಿನ ವಿಷಯ ಹೊರಗೆ ಮಾತಾಡೋ ಹಾಗಿಲ್ಲ."

"ನಾನು ಹೊರಗಿನೋಳಾ?"

ಕೆಲಸ ಬೇರೆ, ಸಂಬಂಧ ಬೇರೆ ಎಂದೆ. ಅವಳು "ಸರಿ ಬಿಡು, ನಿನ್ನ ಕೆಲಸಕ್ಕೆ ತೊಂದ್ರೆ ಆಗೋದು ಬೇಡ" ಎಂದಳು. ದೊರೆಯ ಕೆಮ್ಮು ಇವತ್ತೂ ಇತ್ತು. ಹೆಚ್ಚಾಗಿತ್ತು ಎನಿಸುತ್ತದೆ. ಒಬ್ಬ ಡಾಕ್ಟರಿಗೆ ತೋರಿಸಬಾರದೇ? ಆಸ್ಪತ್ರೆ ಬಾಗಿಲಲ್ಲೇ ಇದೆ.

ಚೆನ್ನಾಗಿ ನಿದ್ದೆ ಬರುತ್ತಿದೆ.

ಏಪ್ರಿಲ್ 19, ಶನಿವಾರ

ಕ್ವಾರಿ ಬದಿಯಲ್ಲಿ ಇನ್ನೂ ಎರಡು ಮಾರಾಟ ನಿಂತವಂತೆ. ಕೇಳುತ್ತಿದ್ದ ಬೆಲೆಗಳು ಇಳಿಯುತ್ತಿವೆ. ದಿನಸಿ ಅಂಗಡಿಯವರು, "ನೀವು ಬರೆದಿದ್ರಂತಲ್ಲ ಮೇಡಂ, ಬರೆದ ಹಾಗೇ ಆಗ್ತಿದೆ ನೋಡಿ. ಮಳೆ ಯಾವಾಗ ಬರುತ್ತೆ ಅಂತಾನೂ ಬರೆದುಬಿಡಿ" ಎಂದರು. ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ.

ಮನೆಗೆ ಬರುವಾಗ ಒಂದು ಯೋಚನೆ ಬಂತು. ಬೆಲೆ ಇಳಿಯುತ್ತದೆಂದು ನಾನು ಬರೆದೆನೋ, ಬರೆದುದರಿಂದ ಇಳಿಯಿತೋ? ಅಂಕಿಗಳಿಂದ ಇದನ್ನು ಬೇರ್ಪಡಿಸಲು ಸಾಧ್ಯವಿಲ್ಲ. ಆದ್ದರಿಂದ ಯೋಚಿಸಿ ಪ್ರಯೋಜನವಿಲ್ಲ.

ಏಪ್ರಿಲ್ 30, ಬುಧವಾರ

ನಮ್ಮ ಪಕ್ಕದ ಮನೆ ಮಾರಾಟವಾಯಿತು! ಹಸಿರು ಬಾಗಿಲಿನದು, ಒಂದು ವರ್ಷದಿಂದ ಖಾಲಿ ಬಿದ್ದಿತ್ತು. ಕೊಂಡವರು ಬೇರೆ ಯಾರೂ ಅಲ್ಲ, ಅದೇ ಹಲ್ಲಿನ ಡಾಕ್ಟರು. ಕ್ವಾರಿ ಬದಿಗೆ ಸಾಲ ಸಾಕಾಗಲಿಲ್ಲ, ಪೇಟೆ ಬದಿ ಸ್ಥಿರವಾಗಿದೆ ಎಂದು ಬ್ಯಾಂಕಿನವರೇ ಹೇಳಿದರಂತೆ. ಕೇಳಿದಷ್ಟು ಕೊಟ್ಟಿದ್ದಾರೆ. ಪಕ್ಕದ ಮನೆಗೆ ಅಷ್ಟು ಬಂದರೆ ನಮ್ಮದಕ್ಕೂ ಅಷ್ಟು ಬಂದಂತೆ. ಒಂಬತ್ತು ವರ್ಷದಲ್ಲಿ ಮೊದಲ ಸಲ ನಮ್ಮ ಮನೆಯ ಬೆಲೆ ಏರಿದೆ.

"ಇನ್ನು ಹಲ್ಲುನೋವು ಬಂದ್ರೆ ಕಾಂಪೌಂಡ್ ಹಾರಿದ್ರೆ ಸಾಕು" ಎಂದರು ಇವರು.

ಸುದ್ದಿ ಹೇಳೋಣವೆಂದು ತಂಗಿಗೆ ನಾನೇ ಫೋನು ಮಾಡಿದೆ.

"ಪಕ್ಕದ್ದಾ? ಆ ಹಸಿರು ಬಾಗಿಲಿಂದಾ?"

"ಹೂಂ, ಅದೇ."

"ಒಳ್ಳೇದಾಯ್ತು ಬಿಡಕ್ಕಾ" ಎಂದು ಇಟ್ಟುಬಿಟ್ಟಳು.

ಹೊಟ್ಟೆಕಿಚ್ಚು ಅವಳಿಗೂ ಇದೆ ಎಂದು ಇವತ್ತು ಗೊತ್ತಾಯಿತು.

ಮೇ 4, ಭಾನುವಾರ

ಮಧ್ಯಾಹ್ನ ತಂಗಿ ಒಬ್ಬಳೇ ಬಂದಳು. ಒಳಗೆ ಬರುವ ಮೊದಲು ಪಕ್ಕದ ಮನೆಯ ಗೇಟಿನ ಮುಂದೆ ನಿಂತಿದ್ದಳು. ಕಿಟಕಿಯಿಂದ ನೋಡಿದೆ. ನೋಡಲಿ ಎಂದುಕೊಂಡೆ.

ಚಹಾ ಕೊಟ್ಟೆ. ಮುಟ್ಟಲಿಲ್ಲ.

"ಅಕ್ಕಾ, ನಿಮ್ಮ ಬೀದೀಲಿ ಬಾಡಿಗೆಗೆ ಒಂದು ರೂಮಾದ್ರೂ ಸಿಗುತ್ತಾ?"

"ಬಾಡಿಗೆಗಾ? ಯಾರಿಗೆ?"

"ಇವರಿಗೆ. ಆ ಧೂಳಲ್ಲಿ ಇನ್ನೂ ಎರಡು ವರ್ಷ ಇದ್ರೆ ಇವರು ಉಳಿಯಲ್ಲ ಅಂತ ಡಾಕ್ಟರು ಹೇಳಿದ್ದಾರೆ. ಕ್ವಾರಿ ಧೂಳು ಮೊದಲೇ ಎದೇಲಿ ಕೂತಿದೆ, ಅದರ ಮೇಲೆ ಇದು."

ಯಾವಾಗ ಹೇಳಿದರು ಎಂದು ಕೇಳಿದೆ.

"ಫೆಬ್ರವರೀಲಿ. ನಿಂಗೆ ಹೇಳಿದ್ನಲ್ಲ ಅಕ್ಕಾ, ಮನೆ ಕೇಳಿದ್ದಾರೆ ಅಂತ ಫೋನ್ ಮಾಡಿದ ದಿನ. ಮಾರಿದ ದುಡ್ಡಲ್ಲಿ ನಿನ್ನ ಪಕ್ಕದ ಹಸಿರು ಬಾಗಿಲಿನ ಮನೆ ತಗೋತೀವಿ, ಇವರಿಗೂ ಉಸಿರಾಡೋಕೆ ಆಗುತ್ತೆ, ನಾನೂ ನೀನೂ ಅಕ್ಕಪಕ್ಕ ಅಂದೆ. ನೀನು ಹೂಂ ಹೂಂ ಅಂದೆ."

ಅಂದಿರಬೇಕು. ಕೇಳಿಸಿದ್ದು ಮೂರು ಪಟ್ಟು ಎಂಬುದೊಂದೇ.

"ದೊಡ್ಡ ಮನೆಗೆ ಹೋಗ್ತೀಯ ಅಂತ ತಿಳ್ಕೊಂಡಿದ್ದೆ" ಎಂದೆ.

"ದೊಡ್ಡ ಮನೆ ಗುಡಿಸೋರು ಯಾರು, ನೀನಾ?" ಎಂದು ನಗಲು ನೋಡಿದಳು. ಆಮೇಲೆ ಅತ್ತಳು. ಅವಳು ಅತ್ತದ್ದನ್ನು ನೋಡಿ ಎಷ್ಟು ವರ್ಷವಾಗಿತ್ತೋ. ಚಿಕ್ಕಂದಿನಲ್ಲಿ ಅತ್ತರೆ ಮೂಗು ಒರೆಸುತ್ತಿದ್ದವಳು ನಾನು. ಇವತ್ತು ಕೈಯಲ್ಲಿ ಚಹಾದ ಲೋಟ ಹಿಡಿದು ನಿಂತೇ ಇದ್ದೆ.

ಮೇ 5, ಸೋಮವಾರ

ಬರೆಯುವಂಥದ್ದು ಏನೂ ಇಲ್ಲ.

ಮೇ 10, ಶನಿವಾರ

ಲೆಕ್ಕದಿಂದ ಬಿಟ್ಟಿದ್ದ ಎರಡು ಮನೆಗಳಿಗೂ ಹೋಗಿ ಬಂದೆ. ಮಾರ್ಚಿನಲ್ಲೇ ಹೋಗಬೇಕಿತ್ತು. ಅಂಕಿ ನೋಡಿದ್ದೆನೇ ಹೊರತು ಬಾಗಿಲು ತಟ್ಟಿರಲಿಲ್ಲ.

ನರ್ಸುಗಳಲ್ಲಿ ಒಬ್ಬರು ರಾತ್ರಿ ಪಾಳಿ ಮುಗಿಸಿ ಆಗಷ್ಟೇ ಬಂದಿದ್ದರು, ಇನ್ನೂ ಚಪ್ಪಲಿ ಬಿಟ್ಟಿರಲಿಲ್ಲ. ಇಷ್ಟು ಬೆಲೆ ಯಾಕೆ ಕೊಟ್ಟಿರಿ ಎಂದು ಕೇಳಿದೆ. "ನಡ್ಕೊಂಡು ಬಂದು ಬಿದ್ಕೊಳ್ಳೋಕೆ ಮೇಡಂ. ಬಸ್ಸಲ್ಲಿ ನಿದ್ದೆ ಹೋಗಿ ಎರಡು ಸಲ ಡಿಪೋ ತಲುಪಿದ್ದೆ" ಎಂದರು. ಉಳಿದ ಕಟ್ಟಡಗಳು ತೆರೆದರೆ ಇನ್ನೂ ಇನ್ನೂರು ಜನ ಕೆಲಸಕ್ಕೆ ಬರುತ್ತಾರಂತೆ. ಈಗಲೇ ಮೂವರು ಮನೆ ಹುಡುಕುತ್ತಿದ್ದಾರೆ, ಬ್ಯಾಂಕು ಸಾಲ ಕೊಡುತ್ತಿಲ್ಲ.

ಇನ್ನೂರು ಜನರಿಗೆ ಇರುವ ಕಾರಣ ವಿಶೇಷ ಕಾರಣವಲ್ಲ. ಅದಕ್ಕೆ ಮಾರುಕಟ್ಟೆ ಎನ್ನುತ್ತಾರೆ. ಬೇರೆ ಯಾರಾದರೂ ಹೀಗೆ ಬರೆದು ತಂದಿದ್ದರೆ ಮೊದಲ ಪುಟದಲ್ಲೇ ಹಿಡಿಯುತ್ತಿದ್ದೆ.

ಮೇ 18, ಭಾನುವಾರ

ಸದಸ್ಯರ ಸಭೆ. ಸಭಾಂಗಣದ ಫ್ಯಾನುಗಳಲ್ಲಿ ಒಂದು ಮಾತ್ರ ತಿರುಗುತ್ತಿತ್ತು. ಕುರ್ಚಿಗಳೆಲ್ಲ ಅದರ ಕೆಳಗೆ ಸೇರಿದ್ದವು. ತಂಗಿಯೂ ಬಂದಿದ್ದಳು. ಅವಳೂ ಆ ಬ್ಯಾಂಕಿನ ಸದಸ್ಯೆ.

ನಾಲ್ಕನೆಯ ಪುಟವನ್ನು ಹೊಸದಾಗಿ ಬರೆದುಕೊಂಡು ಹೋಗಿದ್ದೆ. ಆರು ಮನೆಗಳನ್ನೂ ಸೇರಿಸಿ ಓದಿದೆ. ಕ್ವಾರಿ ಬದಿಯಲ್ಲಿ ಬೆಲೆ ಏರಿದೆ, ಮುಂದೆಯೂ ಏರುವ ಸಂಭವವಿದೆ ಎಂದೆ. ಮ್ಯಾನೇಜರು ತಮ್ಮ ಕೈಲಿದ್ದ ಪ್ರತಿಯನ್ನು ತಿರುಗಿಸಿ ತಿರುಗಿಸಿ ನೋಡಿದರು.

ದಿನಸಿ ಅಂಗಡಿಯವರು ಎದ್ದು ನಿಂತರು. "ಮೊದಲು ಎರಡು ಮನೆ ಯಾಕೆ ಬಿಟ್ಟಿದ್ರಿ ಮೇಡಂ?"

"ಬಿಡಬಾರದಿತ್ತು."

"ಅದು ಸರಿ. ಯಾಕೆ ಬಿಟ್ರಿ?"

ಕ್ವಾರಿ ಬದಿಯಲ್ಲಿ ನನ್ನ ತಂಗಿಯ ಮನೆ ಇದೆ ಎಂದೆ. ಅವರಿಗೆ ಅರ್ಥವಾಗಲಿಲ್ಲ. "ತಂಗಿ ಮನೆ ಇದ್ರೆ ಜಾಸ್ತಿ ತೋರಿಸ್ಬೇಕಲ್ವಾ?" ಎಂದು ಪಕ್ಕದವರನ್ನು ಕೇಳಿದರು. ಒಂದಿಬ್ಬರು ನಕ್ಕರು. ಹಿಂದಿನ ಸಾಲಿನಲ್ಲಿದ್ದ ಒಬ್ಬಳಿಗೆ ಅರ್ಥವಾಯಿತು. ಎದ್ದು ಹೋದಳು.

ಹೊರಗೆ ಬಸ್ ನಿಲ್ದಾಣದವರೆಗೂ ಅವಳ ಹಿಂದೆ ಓಡಿದೆ. ಓಡುವ ವಯಸ್ಸಲ್ಲ.

"ನಿಂಗೆ ಹೊಟ್ಟೆಕಿಚ್ಚು ಅಂತ ಗೊತ್ತಿತ್ತು ಅಕ್ಕಾ. ನಾನು ಹೊಸ ಸೀರೆ ಉಟ್ರೆ ನೀನು ಮೊದಲು ಸೆರಗು ಮುಟ್ಟಿ ನೋಡ್ತಿದ್ದೆ, ಆಮೇಲೆ ನನ್ನ ಮುಖ. ಅದು ಚೆನ್ನಾಗೇ ಇರ್ತಿತ್ತು, ಒಳಗೊಳಗೇ ನಗು ಬರ್ತಿತ್ತು. ಇಷ್ಟೊಂದು ಅಂತ ಗೊತ್ತಿರ್ಲಿಲ್ಲ."

ಬಸ್ಸು ಬಂತು. ಹತ್ತಿದಳು.

ಮುಂದಿನ ವರ್ಷದಿಂದ ಮುನ್ನೋಟವನ್ನು ಬೇರೆಯವರಿಗೆ ಕೊಡುತ್ತಾರಂತೆ. ಮ್ಯಾನೇಜರು ಸಿಟ್ಟಿನಿಂದ ಹೇಳಲಿಲ್ಲ, ಅದೇ ಹೆಚ್ಚು ನಾಟಿತು. ಸಾಲದ ಲೆಕ್ಕ ಬದಲಾಗಲು ಆಡಳಿತ ಮಂಡಳಿ ಮತ್ತೆ ಸೇರಬೇಕು. ಜುಲೈ ಆಗಬಹುದು.

ಮೇ 25, ಭಾನುವಾರ

ತಂಗಿ ವಾರವಿಡೀ ಫೋನು ಎತ್ತಲಿಲ್ಲ. ಬೆಳಿಗ್ಗೆ ಒಂದು ಸಣ್ಣ ಟೆಂಪೋ ಮಾಡಿಕೊಂಡು ನೇರವಾಗಿ ಅವಳ ಬಾಗಿಲಿಗೆ ಹೋದೆ.

"ಏನು, ಬೆಲೆ ಕಟ್ಟೋಕೆ ಬಂದ್ಯಾ?" ಎಂದಳು. ಬಾಗಿಲಿಗೆ ಅಡ್ಡ ನಿಂತಿದ್ದಳು.

"ನಿಮ್ಮಿಬ್ಬರನ್ನ ಕರ್ಕೊಂಡು ಹೋಗೋಕೆ."

"ಎಲ್ಲಿಗೆ?"

"ನಮ್ಮ ಮನೆಗೆ. ಕೆಳಗಿನ ರೂಮು ಖಾಲಿ ಮಾಡಿದ್ದೀನಿ."

"ಅದು ನಿಂದಲ್ವಾ? ನೀವೆಲ್ಲಿ ಮಲಗ್ತೀರಾ?"

"ಮೇಲೆ. ಮೇಲೆ ಗಾಳಿ ಚೆನ್ನಾಗಿರುತ್ತೆ."

ಅವಳು ಅಲ್ಲಾಡಲಿಲ್ಲ. ಒಳಕೋಣೆಯಿಂದ ದೊರೆ, "ಬಾಗಿಲು ಬಿಡೇ, ಧೂಳು ಬರುತ್ತೆ. ಜಗಳ ಅಲ್ಲೇ ಹೋಗಿ ಮುಂದುವರಿಸಿದ್ರಾಯ್ತು" ಎಂದರು. ಟೆಂಪೋವರೆಗೆ ಹತ್ತಿಪ್ಪತ್ತು ಹೆಜ್ಜೆ. ನಡುವೆ ಎರಡು ಸಲ ನಿಂತರು. ಒಮ್ಮೆ ನನ್ನ ಭುಜ ಹಿಡಿದರು. ಎತ್ತರದ ಮನುಷ್ಯ, ಭಾರವೇ ಇರಲಿಲ್ಲ.

ತಂಗಿ ಹೊಲಿಗೆ ಯಂತ್ರವನ್ನು ತಾನೇ ಎತ್ತಿಟ್ಟಳು. ನಾನು ಕೈ ಹಾಕಿದರೆ "ಬೇಡ" ಎಂದಳು. ದಾರಿಯಲ್ಲಿ ಮಾತಾಡಲಿಲ್ಲ.

ಜೂನ್ 6, ಶುಕ್ರವಾರ

ಮಾತು ಶುರುವಾಗಿದೆ. ಶುರುವಾದದ್ದು ಬೈಗುಳದಿಂದ. ಡಬ್ಬಗಳನ್ನೆಲ್ಲ ಜಾಗ ಬದಲಿಸಿದ್ದಾಳೆ. ಕೇಳಿದರೆ "ಬೇಳೆ ಡಬ್ಬ ಇರೋ ಜಾಗದಲ್ಲಿ ಟೀಪುಡಿ ಇಡೋಳು ನೀನು, ಊರಿಗೆಲ್ಲ ಬುದ್ಧಿ ಹೇಳ್ತೀಯ" ಎಂದಳು. ಇವರು ಚಪ್ಪಾಳೆ ತಟ್ಟಿದರು. "ಭಾವ, ನೀವಾದ್ರೂ ಇಷ್ಟು ವರ್ಷ ಹೆಂಗೆ ಹುಡುಕ್ಕೊಂಡ್ರಿ?" ಎಂದು ತಂಗಿ ಕೇಳಿದಳು. "ಮೂಸಿ ನೋಡಿ ಕಣಮ್ಮಾ, ನಿಮ್ಮಕ್ಕನ ಹತ್ರಾನೇ ಕಲಿತದ್ದು." ನನ್ನ ಜೊತೆ ಕೂತು ಇವರು ಹೀಗೆ ನಕ್ಕು ಎಷ್ಟು ಕಾಲವಾಯಿತು?

ಪಕ್ಕದ ಹಲ್ಲಿನ ಡಾಕ್ಟರು ಕಾಂಪೌಂಡಿನಾಚೆಯಿಂದಲೇ ಅವಳ ಹಲ್ಲು ನೋಡಿ ಎಲ್ಲ ಗಟ್ಟಿ ಎಂದರಂತೆ. ಶುಲ್ಕ ತೆಗೆದುಕೊಳ್ಳಲಿಲ್ಲ. ನನ್ನದಕ್ಕೆ ಹೋದ ವಾರ ತೆಗೆದುಕೊಂಡರು.

ಮೇಲಿನ ಕೋಣೆಯಲ್ಲಿ ಗಾಳಿ ಏನೂ ಇಲ್ಲ. ಕೆಳಗೆ ಹೊಲಿಗೆ ಯಂತ್ರದ ಸದ್ದು ಹತ್ತು ಗಂಟೆಯವರೆಗೂ ಇರುತ್ತದೆ. ಅದು ನಿಂತ ಮೇಲೆ ನಿದ್ದೆ ಬರುತ್ತದೆ.

ಜುಲೈ 12, ಶನಿವಾರ

ರಾತ್ರಿ ಎಚ್ಚರವಾಯಿತು. ಯಾಕೆಂದು ತಿಳಿಯಲಿಲ್ಲ. ಕೆಳಗೆ ಕೆಮ್ಮು ಕೇಳಿಸುತ್ತಿರಲಿಲ್ಲ. ಗಾಬರಿಯಿಂದ ಇಳಿದು ಹೋಗಿ ಬಾಗಿಲಿಗೆ ಕಿವಿಯಿಟ್ಟೆ. ದೊರೆ ಗೊರಕೆ ಹೊಡೆಯುತ್ತಿದ್ದರು.

ಜುಲೈ 20, ಭಾನುವಾರ

ಆಡಳಿತ ಮಂಡಳಿ ಸೇರಿ ಕ್ವಾರಿ ಬದಿಗೂ ಶೇಕಡಾ ಎಂಬತ್ತು ಸಾಲ ಎಂದು ತೀರ್ಮಾನಿಸಿದೆ. ಶುಕ್ರವಾರ ಆಸ್ಪತ್ರೆಯ ಎಕ್ಸ್‌ರೇ ವಿಭಾಗದವರೊಬ್ಬರು ಬ್ಯಾಂಕಿಗೆ ಬಂದು ನನ್ನನ್ನೇ ಹುಡುಕಿ ಕೇಳಿದರು. ಬಾಗಿಲು ಹಾಕಿರುವ ಆ ಮನೆ ನಿಮ್ಮ ತಂಗಿಯದಂತೆ, ಕೊಡುತ್ತಾರಾ? ಅವರು ಹೇಳಿದ ಬೆಲೆ ಮೂರು ಪಟ್ಟಲ್ಲ, ನಾಲ್ಕಕ್ಕೆ ಹತ್ತಿರ. ಅಂದರೆ ಹಲ್ಲಿನ ಡಾಕ್ಟರಿಗೆ ಮಾರದೆ ಹೋದದ್ದರಿಂದ ಅವಳಿಗೆ ಲಾಭವೇ ಆಯಿತು. ನೋಡಿ, ನಾನು ಕೆಡಿಸಿದರೂ ಅವಳದೇ ಏರುತ್ತದೆ. ಒಂದು ಕ್ಷಣ ಎದೆಯಲ್ಲಿ ಹಳೆಯ ಉರಿ ಎದ್ದಿತು.

ಫೋನು ನಂಬರು ಕೊಟ್ಟು ಹೋಗಿದ್ದಾರೆ. ಚೀಟಿ ಪರ್ಸಿನಲ್ಲಿದೆ. ಶುಕ್ರವಾರ ಹೇಳೋಣವೆಂದುಕೊಂಡೆ, ಅವಳು ಯೂನಿಫಾರಂ ಕೊಡುವ ಅವಸರದಲ್ಲಿದ್ದಳು. ನಿನ್ನೆ ಹೇಳಬಹುದಿತ್ತು. ನಿನ್ನೆ ದೊರೆ ಬೀದಿಯ ತಿರುವಿನವರೆಗೆ ಒಬ್ಬರೇ ನಡೆದು ಹೋಗಿ ಪೇಪರು ತಂದರು. ನಾವು ಮೂವರೂ ಗೇಟಿನ ಹತ್ತಿರ ನಿಂತು ನೋಡುತ್ತಿದ್ದೆವು. ಆಗ ಅಂಥ ವಿಷಯ ಎತ್ತುವುದು ಹೇಗೆ?

ಇವತ್ತು ಸಂಜೆ ಬೀದಿಯ ಆ ತುದಿಯಿಂದ ಈ ತುದಿಯವರೆಗೆ ತಂಗಿಗೂ ದೊರೆಗೂ ಒಂದು ಮನೆ ಹುಡುಕುತ್ತ ನಡೆದು ಬಂದೆ. ಮಾರಾಟಕ್ಕಿರುವ ಮನೆ ಒಂದೂ ಇಲ್ಲ. ಮೂಲೆಯ ಮನೆಯವರು ಮಾರುವ ಯೋಚನೆಯಲ್ಲಿದ್ದಾರಂತೆ, ಆದರೆ ಅದಕ್ಕೆ ಬೆಳಕು ಸಾಲದು, ದೊರೆಗೆ ಆಗುವುದಿಲ್ಲ.

ನಾಳೆ ಹಿಂದಿನ ಬೀದಿ ನೋಡುತ್ತೇನೆ. ನೋಡಿಕೊಂಡು ಬಂದು ತಂಗಿಗೆ ಹೇಳುತ್ತೇನೆ.